ಕರಗದ ಉಕ್ಕು, ಹರಿಯುವ ಹಿತ್ತಾಳೆ

ಸಂಗನಕಲ್ಲು, ಚಳಿಗಾಲದ ಬೆಳಗು

ಬಳ್ಳಾರಿ ನಗರದ ಮಗ್ಗುಲಲ್ಲೇ ಇರುವ ಸಂಗನಕಲ್ಲು–ಕಪ್ಪಗಲ್ಲು ಗುಡ್ಡಗಳಲ್ಲಿ ತಿಳಿಬಣ್ಣದ ಗ್ರಾನೈಟಿನ ನಡುವೆ ಕಪ್ಪು ಕಲ್ಲಿನ ಪಟ್ಟಿಯೊಂದು ಹಾದುಹೋಗಿದೆ. ಅದು ಡಾಲರೈಟ್. ನೆಲದಾಳದಿಂದ ಕರಗಿ ಬಂದ ಶಿಲೆ ಗ್ರಾನೈಟಿನ ಬಿರುಕಿಗೆ ನುಗ್ಗಿ ಅಲ್ಲೇ ಆರಿ ಗಟ್ಟಿಯಾಗಿದೆ. ಭೂತಗನ್ನಡಿ ಹಿಡಿದು ಎರಡೂ ಕಲ್ಲು ಕೂಡುವ ಗೆರೆಯನ್ನು ನೋಡುತ್ತಾ ಹೋದೆ. ಗೆರೆಯ ಅಂಚಿನಲ್ಲಿ ಕಪ್ಪು ಕಲ್ಲಿನ ಹರಳು ಕಣ್ಣಿಗೆ ಸಿಗದಷ್ಟು ಸಣ್ಣದು. ನಡುಭಾಗಕ್ಕೆ ಬಂದಂತೆ ದಪ್ಪ. ತಣ್ಣನೆಯ ಗ್ರಾನೈಟಿಗೆ ತಾಗಿದ ಅಂಚು ಬೇಗ ಆರಿತು, ಒಡಲು ನಿಧಾನವಾಗಿ ಆರಿತು ಎಂಬುದಕ್ಕೆ ಇದೇ ಸಾಕ್ಷಿ.

ಈ ಕಪ್ಪು ಕಲ್ಲಿನಿಂದಲೇ ನವಶಿಲಾಯುಗದ ಜನ ಕೊಡಲಿ ಮಾಡಿದರು. ಇದರ ಮೇಲೆ ಅವರು ಕುಟ್ಟಿ ಬಿಡಿಸಿದ ಗೂಳಿಗಳ ಚಿತ್ರಗಳ ಬಗ್ಗೆ ಬ್ರಿಟಿಷ್ ಅಧಿಕಾರಿ ಫ್ರೆಡ್ ಫಾಸೆಟ್ 1892ರಲ್ಲೇ ಬರೆದ. ಇಲ್ಲಿನ ಕೆಲವು ಬಂಡೆಗಳು ಬಡಿದರೆ ಲೋಹದ ಹಾಗೆ ನಾದ ಕೊಡುತ್ತವೆ. ಆದರೆ ನಾನು ಇಲ್ಲಿಗೆ ಬಂದದ್ದು ಆ ಕೂಡುಗೆರೆಗಾಗಿ. ಸೈಕಲ್ ಫ್ರೇಮನ್ನು ಕೈಯಾರೆ ಕಟ್ಟಲು ಬ್ರೇಜಿಂಗ್, ಅಂದರೆ ಉಕ್ಕನ್ನು ಕರಗಿಸದೆ ಸಂದಿಗೆ ಕರಗಿದ ಹಿತ್ತಾಳೆ ಹರಿಸಿ ಕೂಡಿಸುವುದನ್ನು ಕಲಿಯುತ್ತಿರುವವನಿಗೆ ಇದಕ್ಕಿಂತ ದೊಡ್ಡ ಪಾಠದ ಹಲಗೆ ಸಿಗದು. ಆತುಕೊಂಡ ಗ್ರಾನೈಟು ಗ್ರಾನೈಟಾಗಿಯೇ ಉಳಿದಿದೆ. ಸಂದನ್ನು ತುಂಬಿದ್ದು ಬೇರೊಂದು ವಸ್ತು. ಒಂದು ವ್ಯತ್ಯಾಸ ಮಾತ್ರ ಇದೆ. ಡಾಲರೈಟನ್ನು ಒಳಕ್ಕೆ ದೂಡಿದ್ದು ಆಳದ ಒತ್ತಡ. ಹಿತ್ತಾಳೆಯನ್ನು ಒಳಕ್ಕೆ ಸೆಳೆಯುವುದು ಸಂದಿನ ಕಿರಿದುತನ.

ಬಳ್ಳಾರಿ, ಸಂಜೆಯ ಹೊತ್ತು

ಕಾದ ಉಕ್ಕಿನ ಬಣ್ಣ ನೋಡಲು ಸಂಜೆಯೇ ಸರಿ. ನಮ್ಮೂರಿನ ನಡುಮಧ್ಯಾಹ್ನದ ಬಿಸಿಲಿನಲ್ಲಿ 600 ಡಿಗ್ರಿಯ ಮಂದಗೆಂಪು ಕಣ್ಣಿಗೆ ಬೀಳುವುದೇ ಇಲ್ಲ. ಗಾಳಿಯಾಡುವ ನೆರಳಿನಲ್ಲಿ ಎರಡು ತುಂಡು ಪೈಪನ್ನು ವೈಸಿಗೆ ಕೂರಿಸುತ್ತೇನೆ. ಒಂದರ ತುದಿ ಇನ್ನೊಂದರ ದುಂಡನೆಯ ಮೈಗೆ ಬೆಳಕು ತೂರದಂತೆ ಕೂರುವವರೆಗೂ ಅರದಿಂದ ಉಜ್ಜಬೇಕು. ಆಮೇಲೆ ಎಮರಿ ಕಾಗದದಿಂದ ತಿಕ್ಕಿ, ಎಣ್ಣೆ ಜಿಡ್ಡು ಒರೆಸಿ, ಬಿಳಿಗಾರದ ಫ್ಲಕ್ಸ್ ಬಳಿಯಬೇಕು.

ಬೆಂಕಿ ತಾಗಿದೊಡನೆ ಬಿಳಿಗಾರ ಒಳಗಿನ ನೀರನ್ನು ಬಿಟ್ಟುಕೊಡುತ್ತಾ ಮಂಡಕ್ಕಿಯ ಹಾಗೆ ಅರಳುತ್ತದೆ. ಸ್ವಲ್ಪ ಹೊತ್ತಿಗೆ ಆ ಬಿಳಿ ನೊರೆ ಕುಸಿದು ಅಂಟಂಟಾಗುತ್ತದೆ. ಸುಮಾರು 740 ಡಿಗ್ರಿಗೆ ಬಂದಾಗ ತಿಳಿಯಾದ ಗಾಜಾಗಿ ಉಕ್ಕಿನ ಮೈಮೇಲೆ ಹರಡುತ್ತದೆ. ಈ ಗಾಜಿಗೆ ಎರಡು ಕೆಲಸ: ಉಕ್ಕಿನ ಮೇಲೆ ಹುಟ್ಟಿದ ಆಕ್ಸೈಡ್ ಪೊರೆಯನ್ನು ಕರಗಿಸಿಕೊಳ್ಳುವುದು, ಹೊಸ ಗಾಳಿ ತಾಗದಂತೆ ಕಾಯುವುದು. ಬಿಳಿಗಾರದ ಸೋಡಿಯಂ ಹಳದಿಯಾಗಿ ಉರಿದು ಕಣ್ಣು ಕೋರೈಸುವುದರಿಂದ ಡಿಡಿಮಿಯಂ ಗಾಜಿನ ಕನ್ನಡಕ ಬೇಕು. ಅದು ಆ ಹಳದಿಯನ್ನು ತಡೆದು ಅಡಿಯ ಕೆಂಪನ್ನು ತೋರಿಸುತ್ತದೆ.

ಮಂದಗೆಂಪು ತಿಳಿಗೆಂಪಾಗಿ, ಅದರಲ್ಲಿ ಕಿತ್ತಳೆಯ ಛಾಯೆ ಮೂಡಿದಾಗ ಹಿತ್ತಾಳೆ ಕಡ್ಡಿಯನ್ನು ಸಂದಿಗೆ ತಾಗಿಸಬೇಕು. ಕಡ್ಡಿಯ ತುದಿ ಮೊದಲು ಗುಂಡಗಾಗಿ ನಿಲ್ಲುತ್ತದೆ. ಮರುಕ್ಷಣ ಆ ಹನಿ ಚಪ್ಪಟೆಯಾಗಿ, ಮಿಂಚಿ, ಸಂದಿನೊಳಗೆ ಹರಿದುಹೋಗುತ್ತದೆ. ಜ್ವಾಲೆ ಸರಿಸಿದ ಕಡೆಗೆ ಹಿತ್ತಾಳೆಯೂ ಸರಿಯುತ್ತದೆ. ಕಾವು ಹೆಚ್ಚಿರುವ ದಿಕ್ಕೇ ಅದಕ್ಕೆ ದಾರಿ.

ಈ ಹದದ ಅಗಲ ಬಹಳ ಕಿರಿದು. ಬ್ರೇಜಿಂಗಿನ ಹಿತ್ತಾಳೆ 900 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ಅದರೊಳಗಿನ ಸತು ಮಾತ್ರ 907 ಡಿಗ್ರಿಗೆ ಕುದಿಯುವ ಲೋಹ. ಕಾವು ಮೀರಿದರೆ ಬಿಳಿ ಹೊಗೆ ಏಳುತ್ತದೆ, ಹಿತ್ತಾಳೆಯಲ್ಲಿ ಸೂಜಿರಂಧ್ರಗಳು ಬೀಳುತ್ತವೆ. ಆ ಹೊಗೆ ಕುಡಿದವರಿಗೆ ಚಳಿಜ್ವರ ಬರುತ್ತದೆ. ಬಾಗಿಲು ಮುಚ್ಚಿಕೊಂಡು ಮಾಡುವ ಕೆಲಸವಲ್ಲ ಇದು. ಉಕ್ಕು ಕರಗಬೇಕಾದರೆ 1,500 ಡಿಗ್ರಿಯ ಹತ್ತಿರ ಹೋಗಬೇಕು. ನಾವು ಅದಕ್ಕಿಂತ ಎಷ್ಟೋ ಕೆಳಗೆ ನಿಂತು, ಒಂದು ಮಿಲಿಮೀಟರಿಗೂ ತೆಳುವಾದ ಪೈಪಿನ ಗೋಡೆಯನ್ನು ಕೆಡಿಸದೆ ಕೂಡಿಸುತ್ತೇವೆ.

ಗುಜರಿಯಿಂದ ಹಳೆಯ ಕಪ್ಪು ಸೈಕಲ್ಲಿನ ಫ್ರೇಮೊಂದನ್ನು ತಂದು, ಪೈಪಿನ ತುದಿಗಳು ಒಳಗೆ ಕೂರುವ ಅದರ ಉಕ್ಕಿನ ತೋಳುಗಳನ್ನು, ಅಂದರೆ ಲಗ್‌ಗಳನ್ನು ಗರಗಸದಿಂದ ಅಡ್ಡ ಕೊಯ್ದೆ. ಪೈಪಿಗೂ ಲಗ್‌ಗೂ ನಡುವೆ ಕೂದಲೆಳೆಯಷ್ಟು ಹೊನ್ನಿನ ಗೆರೆ ಕಡಿಯದೆ ಸುತ್ತಿಬಂದಿತ್ತು. ನಮ್ಮ ಅಪ್ಪಂದಿರು ಜೋಳದ ಚೀಲ ಹೇರಿ ತುಳಿದ ಸೈಕಲ್ಲುಗಳನ್ನು ಹಿಡಿದಿದ್ದು ಈ ಗೆರೆ.

ಕುರುಗೋಡು, ಬೇಸಿಗೆ

ದೊಡ್ಡ ಬಸವೇಶ್ವರನ ಗುಡಿಯ ಹಿಂದಿನ ಗುಡ್ಡಗಳಲ್ಲಿ ಬಂಡೆಗಳು ಪದರು ಪದರಾಗಿ ಬಿಚ್ಚಿಕೊಂಡಿವೆ. ಮೇಲಿದ್ದ ಭಾರ ಯುಗಾಂತರಗಳಲ್ಲಿ ಸವೆದುಹೋದಾಗ ಬಂಡೆ ಸಡಿಲಗೊಂಡು ಸೀಳುತ್ತದೆ. ಹಗಲಿನ ಕಾವು, ಇರುಳಿನ ತಂಪು ಆ ಸೀಳನ್ನು ಹಿಗ್ಗಿಸುತ್ತವೆ. ನಮ್ಮ ನಾಡಿನ ಹಳೆಯ ಕಲ್ಲುಗಾರರು ಬಂಡೆಯ ಮೇಲೆ ಸೌದೆ ಉರಿಸಿ, ಬೆಂಕಿಯನ್ನು ಮೆಲ್ಲಗೆ ಸರಿಸುತ್ತಾ, ಸುತ್ತಿಗೆಯಿಂದ ತಟ್ಟಿ ಸದ್ದು ಆಲಿಸುತ್ತಾ ಇಡೀ ಪದರವನ್ನು ಎಬ್ಬಿಸುತ್ತಿದ್ದರು. ಕಾದ ಭಾಗ ಹಿಗ್ಗುತ್ತದೆ, ಕಾಯದ ಭಾಗ ಬಿಡುವುದಿಲ್ಲ. ಆ ಜಗ್ಗಾಟದಲ್ಲಿ ಕಲ್ಲು ಏಳುತ್ತದೆ.

ಉಕ್ಕಿಗೂ ಅದೇ ನಿಯಮ. ಒಂದು ಮೀಟರ್ ಉಕ್ಕು 100 ಡಿಗ್ರಿ ಕಾದರೆ ಸುಮಾರು 1.2 ಮಿಲಿಮೀಟರ್ ಉದ್ದವಾಗುತ್ತದೆ. ಸಂದಿನ ಒಂದೇ ಮಗ್ಗುಲಿಗೆ ಬೆಂಕಿ ಹಿಡಿದರೆ ಆರುವಾಗ ಪೈಪು ಆ ಕಡೆಗೆ ವಾಲುತ್ತದೆ. ಆದ್ದರಿಂದ ಮೊದಲು ಎದುರುಬದುರಾಗಿ ಹಿತ್ತಾಳೆಯ ಚುಕ್ಕೆ ಹಾಕಿ, ಆಮೇಲೆ ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ ಕಾಸುತ್ತಾ ಸುತ್ತಬೇಕು. ತಾನಾಗಿ ಆರಲು ಬಿಡಬೇಕು, ನೀರು ಸುರಿಯಬಾರದು. ಕೊನೆಗೆ ಹಿಂದಿನ ಗಾಲಿ ಕೂರುವ ಒಂದು ಸೀಳಿನಿಂದ ದಾರ ಎಳೆದು, ಮುಂದೆ ಹ್ಯಾಂಡಲ್ ಕೂರುವ ಹೆಡ್ ಟ್ಯೂಬನ್ನು ಸುತ್ತಿಸಿ ಇನ್ನೊಂದು ಸೀಳಿಗೆ ತಂದು ಕಟ್ಟಬೇಕು. ಸೀಟಿನ ಪೈಪಿಗೂ ದಾರಕ್ಕೂ ಎರಡೂ ಬದಿಯಲ್ಲಿ ಅಂತರ ಸಮನಾಗಿದ್ದರೆ ಫ್ರೇಮು ನೇರವಾಗಿದೆ.

ಸಿರುಗುಪ್ಪ, ಭತ್ತದ ಕೊಯ್ಲಿನ ಬಳಿಕ

ತುಂಗಭದ್ರೆಯ ಕಾಲುವೆ ನೀರುಂಡ ಈ ಭತ್ತದ ಸೀಮೆಯಲ್ಲಿ ಗ್ಯಾಸ್ ವೆಲ್ಡಿಂಗ್ ಅಂಗಡಿಗಳಿಗೆ ಬಿಡುವಿಲ್ಲ. ಟ್ರ್ಯಾಕ್ಟರಿನ ಕೆಸರು ಗಾಲಿ, ಕೊಯ್ಲು ಯಂತ್ರದ ಮುರಿದ ಪೈಪು ಎಲ್ಲ ಇಲ್ಲಿಗೇ ಬರುತ್ತವೆ. ಅಂಥದೊಂದು ಅಂಗಡಿಯ ಹಿರಿಯರನ್ನು ಎಲ್ಲರಂತೆ ನಾನೂ ಉಸ್ತಾದ್ ಎನ್ನುತ್ತೇನೆ. ನನ್ನ ಕೈಕೆಲಸ ನೋಡಿ ಅವರು ಹೇಳಿದ ಮಾತು ಈ ವಿದ್ಯೆಯ ತಿರುಳು: "ಸರ, ಕಡ್ಡಿಗೆ ಬೆಂಕಿ ತೋರಿಸಬ್ಯಾಡ್ರಿ. ಪೈಪು ಕಾಸ್ರಿ. ಪೈಪು ಕಾದ್ರ ಹಿತ್ತಾಳಿ ತಾನಾ ಒಳಗ ಹೋಗ್ತೈತಿ."

ಇದೇ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡದಲ್ಲಿ 1963–64ರಲ್ಲಿ ಎಂ.ಎಸ್. ನಾಗರಾಜರಾವ್, ಕೆ.ಸಿ. ಮಲ್ಹೋತ್ರ ನಡೆಸಿದ ಉತ್ಖನನದಲ್ಲಿ ಕಲ್ಲಿನ ಕೊಡಲಿಗಳ ಜೊತೆಗೆ ತಾಮ್ರದ ವಸ್ತುಗಳೂ ಸಿಕ್ಕವು. ಲೋಹದ ನಂಟು ಈ ನೆಲಕ್ಕೆ ಹೊಸದಲ್ಲ.

ಗದ್ದೆಯ ಬದಿಯ ಚಪ್ಪರದಡಿ ಇಟ್ಟಿದ್ದ ಪೈಪುಗಳಲ್ಲಿ ಎರಡು ಸಂಗತಿ ಕಂಡೆ. ಒಂದು ತುಕ್ಕು. ಕುರುಗೋಡಿನ ಒಣಗಾಳಿಯಲ್ಲಿ ಮಿರುಗುತ್ತಿದ್ದ ಉಕ್ಕು ಇಲ್ಲಿ ಬೇಗ ಕೆಂಪು ಹಿಡಿಯಿತು. ಸಂಡೂರಿನ ಬೆಟ್ಟದ ಅದಿರಿನಲ್ಲಿ ಆಮ್ಲಜನಕದೊಡನೆ ಬೆರೆತಿದ್ದ ಕಬ್ಬಿಣ ಮತ್ತೆ ಅದರತ್ತಲೇ ಹೊರಟಿರುತ್ತದೆ. ಆದ್ದರಿಂದ ಸಂದಿನ ಮೇಲೆ ಉಳಿದ ಫ್ಲಕ್ಸಿನ ಗಾಜನ್ನು ಬಿಸಿನೀರಿನಲ್ಲಿ ನೆನೆಸಿ ತೆಗೆದು, ಹೊರಗೆ ಬಣ್ಣ, ಒಳಗೆ ಎಣ್ಣೆ ಹಚ್ಚಬೇಕು.

ಇನ್ನೊಂದು ಕಣಜ. ಅದು ಹಸಿಮಣ್ಣಿನ ಉಂಡೆ ಹೊತ್ತು ತಂದು ಪೈಪಿನ ಸಣ್ಣ ರಂಧ್ರವನ್ನು ಮೆತ್ತಿ ಮುಚ್ಚುತ್ತಿತ್ತು. ಒಳಗೆ ಮೊಟ್ಟೆಯಿಟ್ಟು, ಮರಿಗೆ ಹುಳುವಿನ ಬುತ್ತಿ ಕಟ್ಟಿಡಲು ಕಣಜಕ್ಕೆ ಆ ಪೈಪು ಒಳ್ಳೆಯ ಮನೆ. ಫ್ರೇಮು ಕಟ್ಟುವವನಿಗೆ ಆ ರಂಧ್ರ ಗಾಳಿಕಿಂಡಿ. ಎರಡೂ ತುದಿ ಮುಚ್ಚಿದ ಪೈಪನ್ನು ಕಾಸಿದರೆ ಒಳಗಿನ ಗಾಳಿ ಹಿಗ್ಗಿ, ಕರಗಿದ ಹಿತ್ತಾಳೆಯನ್ನು ಸಂದಿನಿಂದ ಹೊರಕ್ಕೆ ಊದುತ್ತದೆ. ಬೆಂಕಿ ಹಚ್ಚುವ ಮುನ್ನ ಪ್ರತಿ ಕಿಂಡಿಗೂ ತಂತಿ ತೂರಿಸಿ ನೋಡುವುದು ಈಗ ನನ್ನ ವಾಡಿಕೆ. ಕಣಜ ಕಟ್ಟಿದ ಪೈಪನ್ನು ಮರಿ ಹಾರಿಹೋಗುವ ತನಕ ಹಾಗೇ ಬಿಟ್ಟಿದ್ದೇನೆ.

ಕಲಿಯಬಯಸುವವರಿಗೆ ಹೇಳುವುದು ಇಷ್ಟು. ತುಂಡು ಪೈಪುಗಳಿಂದ ಆರಂಭಿಸಿ, ಬಲ್ಲವರ ಮಗ್ಗುಲಲ್ಲಿ ನಿಂತು ನೋಡಿ. ಕೂಡಿಸಿದ ಪ್ರತಿ ಸಂದನ್ನೂ ಕೊಯ್ದು ಒಳಗೆರೆ ಪರೀಕ್ಷಿಸಿ. ಆ ಗೆರೆ ಎಲ್ಲೂ ಕಡಿಯದೆ ಬರುವ ತನಕ, ಹತ್ತಿ ತುಳಿಯುವ ಫ್ರೇಮಿಗೆ ಕೈ ಹಾಕಬೇಡಿ. ಈ ಜಿಲ್ಲೆ ಅದಿರನ್ನು ರೈಲುಗಟ್ಟಲೆ ಹೊರಗೆ ಕಳಿಸುತ್ತದೆ, ತೋರಣಗಲ್ಲಿನ ಕುಲುಮೆಗಳಲ್ಲಿ ಉಕ್ಕನ್ನು ಹೊಳೆಯಾಗಿ ಹರಿಸುತ್ತದೆ. ಅದೇ ಉಕ್ಕಿನ ಬಣ್ಣ ನೋಡಿ ಕಾವು ಹೇಳಬಲ್ಲ, ಒಂದು ಸಂದನ್ನು ನಂಬಿಕೆಯಿಂದ ಕೂಡಿಸಬಲ್ಲ ಕೈಗಳು ಇಲ್ಲಿನ ಓಣಿ ಓಣಿಯಲ್ಲಿ ಬೆಳೆಯಬೇಕು. ಅದಕ್ಕೆ ಬೇಕಾದ ಮೊದಲ ಬಂಡವಾಳ ನೋಡುವ ತಾಳ್ಮೆ.