ಪಿಎಸ್‌ಎ ರಕ್ತಪರೀಕ್ಷೆ: ಮಾಡಿಸುವ ಮುನ್ನ ತಿಳಿದಿರಲಿ

ಐವತ್ತು ದಾಟಿದ ಗಂಡಸರ ಹೆಲ್ತ್ ಚೆಕಪ್ ರಿಪೋರ್ಟಿನಲ್ಲಿ ಎಷ್ಟೋ ಸಲ ಪಿಎಸ್‌ಎ ಎಂಬ ಸಾಲು ಇರುತ್ತದೆ. ಅದು ಹೆಚ್ಚು ಬಂದರೆ ಮನೆಮಂದಿಯೆಲ್ಲ ಗಾಬರಿಯಾಗುತ್ತಾರೆ. ಗಾಬರಿಗೆ ಮೊದಲು ಅದೇನೆಂದು ನೋಡೋಣ.

ಪ್ರಾಸ್ಟೇಟ್ ಎಂಬುದು ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ. ವೀರ್ಯವನ್ನು ತೆಳುವಾಗಿಸಲು ಅದು ತಯಾರಿಸುವ ಪ್ರೋಟೀನೇ ಪಿಎಸ್‌ಎ. ಇದರಲ್ಲಿ ಸ್ವಲ್ಪ ರಕ್ತಕ್ಕೂ ಸೇರುತ್ತದೆ. ಕ್ಯಾನ್ಸರ್ ಇದ್ದರೆ ಹೆಚ್ಚು ಸೇರಬಹುದು. ಆದರೆ ವಯಸ್ಸಿನಿಂದ ಗ್ರಂಥಿ ದೊಡ್ಡದಾದರೂ, ಮೂತ್ರದ ಸೋಂಕಾದರೂ, ಕ್ಯಾಥೆಟರ್, ಅಂದರೆ ಮೂತ್ರದ ನಳಿಕೆ, ಹಾಕಿದ್ದರೂ ಹೆಚ್ಚುತ್ತದೆ.

ಮಿಲಿಲೀಟರಿಗೆ 4 ನ್ಯಾನೋಗ್ರಾಂ ಎಂಬುದು ಬಹುಕಾಲದಿಂದ ಬಳಸುವ ಗಡಿ. 4ರಿಂದ 10ರೊಳಗೆ ಬಂದು ಬಯಾಪ್ಸಿ, ಅಂದರೆ ಸೂಜಿಯಿಂದ ಚೂರು ತೆಗೆದು ನೋಡುವ ಪರೀಕ್ಷೆ, ಮಾಡಿಸಿಕೊಂಡವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗಷ್ಟೇ ಕ್ಯಾನ್ಸರ್ ಸಿಗುತ್ತದೆ. 4ಕ್ಕಿಂತ ಕಡಿಮೆಯಿದ್ದರೆ ಕ್ಯಾನ್ಸರ್ ಇಲ್ಲವೇ ಇಲ್ಲ ಎನ್ನುವಂತೆಯೂ ಇಲ್ಲ.

ಪರೀಕ್ಷೆಗೆ ಉಪವಾಸ ಬೇಡ. ಎರಡು ದಿನ ಮೊದಲಿನಿಂದ ಸಂಭೋಗ, ಸೈಕಲ್ ಸವಾರಿ ಬಿಡಿ. ಸೋಂಕಿದ್ದರೆ ವಾಸಿಯಾಗಿ ಕೆಲವು ವಾರ ಕಳೆಯಲಿ. ಫಿನಾಸ್ಟೆರೈಡ್ ಅಥವಾ ಡುಟಾಸ್ಟೆರೈಡ್ ಮಾತ್ರೆ ನುಂಗುತ್ತಿದ್ದರೆ ತಪ್ಪದೆ ತಿಳಿಸಿ. ಅವು ಪಿಎಸ್‌ಎಯನ್ನು ಅರ್ಧದಷ್ಟು ಇಳಿಸುತ್ತವೆ.

ಹಾಗಾದರೆ ಎಲ್ಲರೂ ಮಾಡಿಸಬೇಕೇ? ಬೇಕಿಲ್ಲ. ಅನೇಕ ಪ್ರಾಸ್ಟೇಟ್ ಕ್ಯಾನ್ಸರ್‌ಗಳು ತೀರಾ ನಿಧಾನವಾಗಿ ಬೆಳೆಯುತ್ತವೆ, ಜೀವಕ್ಕೆ ಕುತ್ತು ತರುವುದೇ ಇಲ್ಲ. ಅಂಥದ್ದಕ್ಕೂ ಆಪರೇಷನ್ ಮಾಡಿಸಿ, ಮೂತ್ರ ಸೋರಿಕೆ, ಲೈಂಗಿಕ ದೌರ್ಬಲ್ಯ ಅನುಭವಿಸುವವರಿದ್ದಾರೆ. ಇನ್ನೊಂದೆಡೆ, ಅಪಾಯಕಾರಿ ಕ್ಯಾನ್ಸರನ್ನು ಬೇಗ ಹಿಡಿದರೆ ಜೀವ ಉಳಿಯುತ್ತದೆ. ಅದಕ್ಕೇ ಅಮೆರಿಕದ ತಜ್ಞರ ಕಾರ್ಯಪಡೆ 2018ರಲ್ಲಿ, 55ರಿಂದ 69 ವಯಸ್ಸಿನವರು ವೈದ್ಯರೊಡನೆ ಚರ್ಚಿಸಿ ತಾವೇ ನಿರ್ಧರಿಸಲಿ, 70 ದಾಟಿದವರಿಗೆ ಬೇಡ ಎಂದಿತು. ತಂದೆಗೋ ಅಣ್ಣತಮ್ಮಂದಿರಿಗೋ ಈ ಕ್ಯಾನ್ಸರ್ ಬಂದಿದ್ದರೆ 40-45ರಲ್ಲೇ ವೈದ್ಯರನ್ನು ಕೇಳಿ. ನಿಮ್ಮನ್ನು ಕೇಳದೆ ಈ ಪರೀಕ್ಷೆಯನ್ನು ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಸೇರಿಸಿಬಿಡುವುದು ನನಗೆ ಸರಿಯೆನಿಸುವುದಿಲ್ಲ.

ಹೆಚ್ಚು ಬಂದರೆ ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡುತ್ತಾರೆ. ಆಗಲೂ ಹೆಚ್ಚಿದ್ದರೆ ಎಂಆರ್‌ಐ, ಅಗತ್ಯವಿದ್ದರೆ ಬಯಾಪ್ಸಿ ಮಾಡುತ್ತಾರೆ. ಸೌಮ್ಯ ಕ್ಯಾನ್ಸರ್ ಎಂದಾದರೆ ಆಗಾಗ ಪರೀಕ್ಷಿಸುತ್ತಾ ಕಾದು ನೋಡುವ ದಾರಿಯೂ ಇದೆ.

ಪಿಎಸ್‌ಎ ಪರೀಕ್ಷೆಗೆ ಖಾಸಗಿ ಲ್ಯಾಬುಗಳಲ್ಲಿ ಸಾಮಾನ್ಯವಾಗಿ 500ರಿಂದ 1,000 ರೂಪಾಯಿ ಆಗುತ್ತದೆ. ನಮ್ಮ ದೇಶದ ಸರ್ಕಾರಿ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್‌ಗಳಿವೆ, ಪ್ರಾಸ್ಟೇಟ್ ಇಲ್ಲ. ದೊಡ್ಡ ಸರ್ಕಾರಿ ಆಸ್ಪತ್ರೆಗಳ ಮೂತ್ರರೋಗ ವಿಭಾಗದಲ್ಲಿ ವಿಚಾರಿಸಿ. ಮೂತ್ರದಲ್ಲಿ ರಕ್ತ ಕಂಡರೆ ಮಾತ್ರ ಲ್ಯಾಬಿಗಲ್ಲ, ನೇರ ವೈದ್ಯರ ಬಳಿ ಹೋಗಿ. ಹಳೆಯ ರಿಪೋರ್ಟುಗಳಿದ್ದರೆ ಜೊತೆಗೊಯ್ಯಿರಿ. ಪಿಎಸ್‌ಎ ಎಷ್ಟು ಬೇಗ ಏರಿದೆ ಎಂಬುದನ್ನೂ ಅವರು ನೋಡುತ್ತಾರೆ.