ಜಿಲ್ಲಾ ಪಂಚಾಯತ್ ಮುಖ್ಯ ಕಾರ್ಯನಿರ್ವಹಣಾಧಿಕಾರಿ: ನಮ್ಮೂರನ್ನು ನಡೆಸುವವರು ಯಾರು?

ಕಳೆದ ರಾಜ್ಯೋತ್ಸವದ ದಿನ ಊಟದ ಸಾಲಿನಲ್ಲಿ ನಿಂತಿದ್ದಾಗ ನಮ್ಮ ಸಂಘದ ಯುವ ಸದಸ್ಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಊರಿನಲ್ಲಿ ಒಬ್ಬರೇ ಇರುವ ಅವರ ತಾಯಿಯ ಮನೆಗೆ ನಲ್ಲಿ ಹಾಕಿ ವರ್ಷವಾಗಿದೆ, ನೀರು ಮಾತ್ರ ಬಂದಿಲ್ಲ. ದೋಹಾದಿಂದಲೇ ಜಿಲ್ಲಾಧಿಕಾರಿಗಳಿಗೆ ಮೂರು ಸಲ ಮಿಂಚಂಚೆ ಕಳಿಸಿದ್ದಾರೆ. ಉತ್ತರ ಬಂದದ್ದು ಒಂದು ಸಲ: "ಮುಂದಿನ ಕ್ರಮಕ್ಕಾಗಿ ಜಿಲ್ಲಾ ಪಂಚಾಯತ್‌ಗೆ ಕಳುಹಿಸಲಾಗಿದೆ." "ಡಾಕ್ಟ್ರೇ, ಜಿಲ್ಲೆಗೆ ಡಿಸಿಯೇ ದೊಡ್ಡವರಲ್ವಾ? ಅವರ ಮೇಲೆ ಇನ್ನೊಬ್ಬರು ಇದ್ದಾರಾ?" ಎಂದು ಕೇಳಿದರು.

ಮೇಲೆ ಯಾರೂ ಇಲ್ಲ, ಪಕ್ಕದಲ್ಲಿ ಒಬ್ಬರಿದ್ದಾರೆ ಎಂದೆ. ಅಷ್ಟರಲ್ಲಿ ಹೋಳಿಗೆ ಬಂತು, ಮಾತು ಅಲ್ಲಿಗೇ ನಿಂತಿತು. ಅವರಿಗೆ ಪೂರ್ತಿ ಉತ್ತರ ಕೊಡಬೇಕೆಂದು ಈ ಲೇಖನ ಬರೆದಿದ್ದೇನೆ. ನಾನು ಆಡಳಿತಗಾರನಲ್ಲ, ವೈದ್ಯ. ಆದರೆ ಕತಾರಿಗೆ ಬರುವ ಮೊದಲು ಬಯಲುಸೀಮೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡಿದವನು. ಹಾಗಾಗಿ ಕರ್ನಾಟಕದ ಜಿಲ್ಲಾ ಪರಿಷತ್ತುಗಳು ಹುಟ್ಟಿದ ಕಾಲವನ್ನು ಒಳಗಿನಿಂದ ಕಂಡಿದ್ದೇನೆ.

ಹುಟ್ಟಿದ ಬಗೆ

ಪಂಚಾಯತಿಗಳಿಗೆ ನಿಜವಾದ ಅಧಿಕಾರ ಕೊಡಬೇಕೆಂದು ಅಶೋಕ ಮೆಹ್ತಾ ಸಮಿತಿ 1978ರಲ್ಲಿ ವರದಿ ಕೊಟ್ಟಿತು. ಅದನ್ನು ಗಂಭೀರವಾಗಿ ತೆಗೆದುಕೊಂಡ ಕೆಲವೇ ರಾಜ್ಯಗಳಲ್ಲಿ ನಮ್ಮದೂ ಒಂದು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಇದರ ಬೆನ್ನು ಹತ್ತಿದರು. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿದ್ದಕ್ಕೆ ಜನ ಅವರನ್ನು 'ನೀರು ಸಾಬ್' ಎಂದೇ ಕರೆದರು. ಮೈಸೂರಿನಲ್ಲಿರುವ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಇಂದು ಅವರದೇ ಹೆಸರಿದೆ. ಅವರ ಕಾಲದಲ್ಲಿ ಬಂದ 1983ರ ಕಾಯ್ದೆಯಂತೆ 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆಯಿತು. ನಾಲ್ಕನೇ ಒಂದು ಭಾಗ ಸ್ಥಾನ ಮಹಿಳೆಯರಿಗೆ ಮೀಸಲು. ಸಂವಿಧಾನದ 73ನೇ ತಿದ್ದುಪಡಿ ಬರುವುದಕ್ಕೆ ಆರು ವರ್ಷ ಮೊದಲಿನ ಮಾತಿದು.

ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ಸಿಕ್ಕಿತು. ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿ ಎಂಬ ಐಎಎಸ್ ಅಧಿಕಾರಿ ಬಂದರು. ಅವರು ಜಿಲ್ಲಾಧಿಕಾರಿಗಿಂತ ಸೇವೆಯಲ್ಲಿ ಹಿರಿಯರು. ಬ್ರಿಟಿಷರ ಕಾಲದಿಂದ ಜಿಲ್ಲೆಯ ದೊರೆಯಂತಿದ್ದ ಜಿಲ್ಲಾಧಿಕಾರಿಯ ಕೈಯಿಂದ ಶಾಲೆ, ಆಸ್ಪತ್ರೆ, ಕುಡಿಯುವ ನೀರು, ಕೃಷಿ, ಪಶುಸಂಗೋಪನೆ ಎಲ್ಲವೂ ಪರಿಷತ್ತಿಗೆ ಹೋದವು.

1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಬಂದ ಮೇಲೆ ಪರಿಷತ್ತು 'ಜಿಲ್ಲಾ ಪಂಚಾಯತ್' ಆಯಿತು. ಮುಖ್ಯ ಕಾರ್ಯದರ್ಶಿ 'ಮುಖ್ಯ ಕಾರ್ಯನಿರ್ವಹಣಾಧಿಕಾರಿ' ಆದರು. ಜನರ ಬಾಯಲ್ಲಿ ಜಿಲ್ಲಾ ಪಂಚಾಯತ್ ಸಿಇಓ. ಈ ಅಧಿಕಾರಿ ಜಿಲ್ಲಾಧಿಕಾರಿಯ ದರ್ಜೆಗಿಂತ ಕೆಳಗಿರಬಾರದು ಎಂದು ಕಾಯ್ದೆಯೇ ಹೇಳುತ್ತದೆ.

ಒಂದೇ ಜಿಲ್ಲೆಗೆ ಇಬ್ಬರು

ಹಾಗಾದರೆ ಯಾರ ಕೆಲಸ ಯಾವುದು? ಜಮೀನು, ಪಹಣಿ, ಕಾನೂನು ಸುವ್ಯವಸ್ಥೆ, ಚುನಾವಣೆ, ಬರ ಮತ್ತು ನೆರೆಯ ಪರಿಹಾರ ಜಿಲ್ಲಾಧಿಕಾರಿಗೆ ಸೇರಿದ್ದು. ಅವರ ಕೆಳಗೆ ತಹಶೀಲ್ದಾರ್, ಕಂದಾಯ ನಿರೀಕ್ಷಕರು, ಹಿಂದೆ ಗ್ರಾಮ ಲೆಕ್ಕಿಗರು ಎನಿಸಿಕೊಂಡಿದ್ದ ಗ್ರಾಮ ಆಡಳಿತಾಧಿಕಾರಿಗಳು. ಹಳ್ಳಿಯ ಕುಡಿಯುವ ನೀರು, ಪ್ರಾಥಮಿಕ ಶಾಲೆ, ಆರೋಗ್ಯ ಕೇಂದ್ರ, ಅಂಗನವಾಡಿ, ಗ್ರಾಮೀಣ ರಸ್ತೆ, ವಸತಿ, ಉದ್ಯೋಗ ಖಾತರಿ ಕೆಲಸ ಇವು ಸಿಇಓ ಮೇಲ್ವಿಚಾರಣೆಗೆ ಬರುತ್ತವೆ. ಪಂಚಾಯತಿಗಳಿಗೆ ವಹಿಸಬಹುದಾದ ವಿಷಯಗಳೆಂದು ಸಂವಿಧಾನದ ಹನ್ನೊಂದನೇ ಅನುಸೂಚಿ 29 ವಿಷಯಗಳನ್ನು ಪಟ್ಟಿ ಮಾಡಿದೆ. ಸಿಇಓ ಕೆಳಗೆ ಉಪಕಾರ್ಯದರ್ಶಿಗಳು, ಮುಖ್ಯ ಲೆಕ್ಕಾಧಿಕಾರಿ ಮತ್ತು ಮುಖ್ಯ ಯೋಜನಾಧಿಕಾರಿ. ತಾಲ್ಲೂಕಿನಲ್ಲಿ ಕಾರ್ಯನಿರ್ವಾಹಕ ಅಧಿಕಾರಿ, ಗ್ರಾಮ ಪಂಚಾಯತಿಯಲ್ಲಿ ಪಿಡಿಓ, ಅಂದರೆ ಪಂಚಾಯತ್ ಅಭಿವೃದ್ಧಿ ಅಧಿಕಾರಿ.

ನಮ್ಮ ಸದಸ್ಯರ ಅನುಕೂಲಕ್ಕೆ ಒಂದು ಉದಾಹರಣೆ. ಊರಿನ ಹೊಲದ ಪಹಣಿಯಲ್ಲಿ ಹೆಸರು ತಪ್ಪಿದ್ದರೆ ತಹಶೀಲ್ದಾರರ ಕಚೇರಿ. ಅದೇ ಊರಿನೊಳಗಿನ ಮನೆಯ ಇ-ಸ್ವತ್ತು, ನಮೂನೆ 9 ಮತ್ತು 11 ಬೇಕಿದ್ದರೆ ಗ್ರಾಮ ಪಂಚಾಯತಿ. ಅಲ್ಲಿ ಕೆಲಸ ಆಗದಿದ್ದರೆ ತಾಲ್ಲೂಕು ಪಂಚಾಯತಿ, ಆಮೇಲೆ ಸಿಇಓ. ರಜೆಗೆ ಹೋದಾಗ ಸಿಗುವ ಇಪ್ಪತ್ತು ದಿನಗಳಲ್ಲಿ ಹತ್ತನ್ನು ತಪ್ಪು ಕಚೇರಿಯ ಬೆಂಚಿನ ಮೇಲೆ ಕಳೆದವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ.

ಸಿಇಓ ಜಿಲ್ಲಾ ಪಂಚಾಯತ್ ಸಭೆಗೆ ಬರಬೇಕು, ಚರ್ಚೆಯಲ್ಲಿ ಮಾತಾಡಬಹುದು, ಮತ ಹಾಕುವಂತಿಲ್ಲ. ಸಭೆ ತೆಗೆದುಕೊಳ್ಳುವ ನಿರ್ಣಯ ಕಾನೂನಿಗೆ ವಿರುದ್ಧ ಅನಿಸಿದರೆ ಅದನ್ನು ಎದ್ದು ಹೇಳುವುದು ಅವರ ಕರ್ತವ್ಯ. ಹಣ ಬಿಡುಗಡೆ, ಕಡತ, ಸಿಬ್ಬಂದಿಯ ಮೇಲ್ವಿಚಾರಣೆ ಅವರದು. ನಿರ್ಧಾರ ಸದಸ್ಯರದು.

ಕಾಗದದ ಮೇಲೆ ಇದು ಸರಳ. ನಡೆಸುವುದು ಕಷ್ಟ. ಬರುವ ಹಣದಲ್ಲಿ ದೊಡ್ಡ ಪಾಲು ಸಂಬಳಕ್ಕೆ ಹೋಗುತ್ತದೆ. ಉಳಿದದ್ದು ಆಯಾ ಯೋಜನೆಗೆ ಕಟ್ಟಿಹಾಕಿದ ಹಣ. ಶಾಲೆಯ ಚಾವಣಿ ಸೋರುತ್ತಿದೆ ಎಂದು ರಸ್ತೆಯ ಹಣ ಮುಟ್ಟುವಂತಿಲ್ಲ. ಇಲಾಖೆಗಳ ಅಧಿಕಾರಿಗಳು ಸಿಇಓ ಮುಂದೆ ತಲೆಯಾಡಿಸುತ್ತಾರೆ, ಆದರೆ ಅವರ ವರ್ಗಾವಣೆ, ಬಡ್ತಿ ಇರುವುದು ಬೆಂಗಳೂರಿನ ಇಲಾಖೆಯ ಕೈಯಲ್ಲಿ. ಅಧ್ಯಕ್ಷರು ಒಂದು ಕಡೆ, ಸರ್ಕಾರ ಇನ್ನೊಂದು ಕಡೆ, ಶಾಸಕರು ಮತ್ತೊಂದು ಕಡೆ ಎಳೆಯುತ್ತಾರೆ. ಜಿಲ್ಲೆಯ ಪರಿಚಯ ಆಗುವಷ್ಟರಲ್ಲಿ ಸಿಇಓಗೇ ವರ್ಗಾವಣೆ ಆಗಿರುತ್ತದೆ.

ಬೀಗದ ಕೈ

ಈ ಕೆಲಸವನ್ನು ಚೆನ್ನಾಗಿ ಮಾಡುವುದು ಎಂದರೇನು ಎಂದು ನನಗೆ ತಿಳಿದದ್ದು ನನ್ನದೇ ತಪ್ಪಿನಿಂದ. ಇಷ್ಟು ವರ್ಷ ಇದನ್ನು ಬರೆದಿರಲಿಲ್ಲ.

1988ರ ಬೇಸಿಗೆ. ನನ್ನ ಕುಟುಂಬ ಜಿಲ್ಲಾ ಕೇಂದ್ರದಲ್ಲಿತ್ತು. ಆರೋಗ್ಯ ಕೇಂದ್ರದ ಪಕ್ಕದಲ್ಲೇ ನನಗೆ ಕ್ವಾರ್ಟರ್ಸ್ ಇದ್ದರೂ ಶನಿವಾರ ಮಧ್ಯಾಹ್ನದ ಬಸ್ಸಿಗೆ ಹೊರಟು ಸೋಮವಾರ ಬೆಳಿಗ್ಗೆ ಮರಳುವುದು ನನ್ನ ರೂಢಿಯಾಗಿತ್ತು. ಆ ವಾರ ನಮ್ಮ ವ್ಯಾಪ್ತಿಯ ಒಂದು ಹಳ್ಳಿಯಲ್ಲಿ ಕೈಪಂಪು ಕೆಟ್ಟು ಜನ ತೆರೆದ ಬಾವಿಯ ನೀರು ಕುಡಿಯುತ್ತಿದ್ದರು. ಶನಿವಾರ ರಾತ್ರಿ ವಾಂತಿಭೇದಿ ಶುರುವಾಯಿತು. ಎತ್ತಿನಗಾಡಿಯಲ್ಲಿ ರೋಗಿಗಳು ಬಂದರು. ನಮ್ಮ ನರ್ಸಮ್ಮ ಉಪ್ಪು ಸಕ್ಕರೆ ನೀರು ಕುಡಿಸುತ್ತ ಬೆಳಗು ಮಾಡಿದರು. ಕುಡಿದದ್ದು ನಿಲ್ಲದವರಿಗೆ ಸಲೈನ್ ಬೇಕಿತ್ತು. ಸಲೈನ್ ಬಾಟಲಿಗಳು ಉಗ್ರಾಣದಲ್ಲಿದ್ದವು. ಉಗ್ರಾಣದ ಬೀಗದ ಕೈ ನನ್ನ ಜೇಬಿನಲ್ಲಿತ್ತು.

ಬೆಳಿಗ್ಗೆ ಬೀಗ ಒಡೆದರು. ಅಷ್ಟರಲ್ಲಿ ಒಬ್ಬ ಮುದುಕರು ಮತ್ತು ಆರು ವರ್ಷದ ಒಂದು ಹುಡುಗಿ ತೀರಿಕೊಂಡಿದ್ದರು.

ಮುಂದಿನ ಪರಿಷತ್ ಸಭೆಗೆ ನನಗೆ ಕರೆ ಬಂತು. ಆ ಭಾಗದ ಸದಸ್ಯೆ ಮೊದಲ ಸಲ ಗೆದ್ದು ಬಂದವರು, ರೈತ ಮನೆತನದ ಹೆಣ್ಣುಮಗಳು. ಎದ್ದು ನಿಂತು ಅವರು ಕೇಳಿದ್ದು ಒಂದೇ ಪ್ರಶ್ನೆ: "ಶನಿವಾರ ರಾತ್ರಿ ಕಾಯಿಲೆ ಬಂದ್ರೆ ನಾವು ಯಾರ ಮನೆ ಬಾಗ್ಲು ತಟ್ಬೇಕು, ಡಾಕ್ಟ್ರೇ?" ನನ್ನ ಹತ್ತಿರ ಉತ್ತರವಿರಲಿಲ್ಲ. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ನನಗೆ ಬಂದದ್ದು ಸಿಟ್ಟು. ಎಂಬಿಬಿಎಸ್ ಓದಿದ ನನ್ನನ್ನು ಇವರು ಕೇಳುವುದೇ ಎಂಬ ಸಿಟ್ಟು. ನಾಚಿಕೆ ಆಮೇಲೆ ಬಂತು.

ಮುಖ್ಯ ಕಾರ್ಯದರ್ಶಿಗಳು ಕೂಗಾಡಲಿಲ್ಲ. ನನಗೆ ಕಾರಣ ಕೇಳುವ ನೋಟಿಸು ಬಂತು, ಅದು ಬರಬೇಕಾದದ್ದೇ. ಆದರೆ ಅಷ್ಟಕ್ಕೆ ಅವರು ಕಡತ ಮುಚ್ಚಲಿಲ್ಲ. ಸಭೆಯಲ್ಲೇ ನಾಲ್ಕು ಪ್ರಶ್ನೆ ಕೇಳಿದರು. ಪಂಪು ಕೆಟ್ಟ ಸುದ್ದಿ ಯಾರಿಗೆ ಮೊದಲು ತಿಳಿಯಿತು? ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವುದು ಯಾರ ಕೆಲಸ? ಉಗ್ರಾಣದ ಎರಡನೇ ಬೀಗದ ಕೈ ಎಲ್ಲಿ? ಜೀಪು ಯಾಕೆ ಹೋಗಲಿಲ್ಲ? ಪಂಪು ಎಂಜಿನಿಯರಿಂಗ್ ವಿಭಾಗದ್ದು. ಬ್ಲೀಚಿಂಗ್ ಪುಡಿ ಮಂಡಲ ಪಂಚಾಯತಿಯದು. ಬೀಗದ ಕೈ ನನ್ನದು. ಜೀಪಿಗೆ ಡೀಸೆಲ್ ಇರಲಿಲ್ಲ, ಅದರ ಮಂಜೂರಾತಿ ಇನ್ನೊಂದು ಕಚೇರಿಯಲ್ಲಿತ್ತು. ಎಲ್ಲರೂ ತಮ್ಮ ತಮ್ಮ ರಿಜಿಸ್ಟರಿನಲ್ಲಿ ಸರಿಯಾಗಿಯೇ ಇದ್ದರು. ಆದರೂ ಮಗು ಸತ್ತಿತ್ತು.

ಒಂದೇ ಹಾಳೆಯ ಮೇಲೆ ನಾಲ್ಕು ಹೆಸರು, ನಾಲ್ಕು ಕೆಲಸ, ನಾಲ್ಕು ತಾರೀಕು ಬರೆಸಿದರು. ಮುಂದಿನ ಸಭೆಯಲ್ಲಿ ಅನುಪಾಲನಾ ವರದಿ ಓದಬೇಕೆಂದು ನಡಾವಳಿಯಲ್ಲಿ ದಾಖಲಿಸಿದರು. ಓದಿಸಿದರು ಕೂಡ. ಎರಡನೇ ಬೀಗದ ಕೈ ನರ್ಸಮ್ಮನ ಕೈ ಸೇರಿತು. ನಾನು ಕ್ವಾರ್ಟರ್ಸಿಗೆ ಸಂಸಾರ ತಂದೆ.

ಜಿಲ್ಲೆಯ ಆಡಳಿತ ನಡೆಸುವುದೆಂದರೆ ಏನೆಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ಹಾಳೆ. ಯಾವ ಇಲಾಖೆಯೂ ಪೂರ್ತಿ ತನ್ನದೆಂದು ಒಪ್ಪಿಕೊಳ್ಳದ ಕಷ್ಟಗಳು ಹಳ್ಳಿಯಲ್ಲಿ ಹೆಚ್ಚು. ಅವನ್ನು ಒಂದು ಮೇಜಿನ ಮೇಲೆ ತಂದು, ಹೆಸರು ಹಾಕಿ, ದಿನ ಗೊತ್ತುಮಾಡಿ, ಆ ದಿನ ಬಂದಾಗ ಮರೆಯದೆ ಕೇಳುವುದೇ ಸಿಇಓ ಕೆಲಸ. ಇಂದಿನ ಕೆಡಿಪಿ ಸಭೆಗಳ ಉದ್ದೇಶವೂ ಇದೇ.

ಆದರೆ ಇನ್ನೊಂದು ಮಾತನ್ನು ಬಿಡಬಾರದು. ಆ ಹಾಳೆ ಹುಟ್ಟಿದ್ದು ಸದಸ್ಯೆ ಎದ್ದು ಕೇಳಿದ್ದರಿಂದ. ಅವರು ಕೇಳದಿದ್ದರೆ ಎರಡು ಸಾವು ನನ್ನ ಮಾಸಿಕ ವರದಿಯಲ್ಲಿ ಎರಡು ಅಂಕಿಯಾಗಿ ಉಳಿಯುತ್ತಿದ್ದವು.

ಕತಾರಿನ ಕಡೆ ಒಂದು ನೋಟ

ನಾವು ಬಾಳುತ್ತಿರುವ ಈ ದೇಶದ ಏರ್ಪಾಡು ಬೇರೆ. ಇಲ್ಲಿ ಎಂಟು ಬಲದಿಯಾಗಳಿವೆ. ದೋಹಾ, ಅಲ್ ರಯ್ಯಾನ್, ಅಲ್ ವಕ್ರಾ ನಮಗೆಲ್ಲ ಗೊತ್ತಿರುವಂಥವು. ಉತ್ತರದ ತುದಿಯ ಅಲ್ ಶಮಾಲ್, ಒಂಟೆ ಓಟಕ್ಕೆ ಹೆಸರಾದ ಅಲ್ ಶಹಾನಿಯಾ ಹಳ್ಳಿಗಾಡಿನವು. ಬಲದಿಯಾ ಆಡಳಿತ ಪುರಸಭೆ ಸಚಿವಾಲಯದ ಅಡಿಯಲ್ಲಿ ನಡೆಯುತ್ತದೆ. ಅದರ ಜೊತೆಗೆ 29 ಸದಸ್ಯರ ಕೇಂದ್ರ ಪುರಸಭಾ ಪರಿಷತ್ತಿದೆ. 1999ರ ಮಾರ್ಚ್‌ನಲ್ಲಿ ಅದಕ್ಕೆ ಮೊದಲ ಚುನಾವಣೆ ನಡೆದಾಗ ನಾನು ಇಲ್ಲೇ ಇದ್ದೆ. ಕತಾರಿ ಹೆಂಗಸರೂ ಮತ ಹಾಕಿದರು, ಸ್ಪರ್ಧಿಸಿದರು. 2003ರಲ್ಲಿ ಮೊದಲ ಮಹಿಳೆ ಆಯ್ಕೆಯಾದರು. ಪರಿಷತ್ತಿನದು ಮುಖ್ಯವಾಗಿ ಸಲಹೆ ಕೊಡುವ ಕೆಲಸ. ರಸ್ತೆ, ಚರಂಡಿ, ಕಸ, ಮಾರುಕಟ್ಟೆಯ ಬಗ್ಗೆ ತಮ್ಮ ಕ್ಷೇತ್ರದ ಮಾತನ್ನು ಅಧಿಕಾರಿಗಳ ಮುಂದಿಡುತ್ತಾರೆ. ಹಣವೂ ಸೌಕರ್ಯವೂ ಇರುವ ಚಿಕ್ಕ ದೇಶಕ್ಕೂ ಹಾಗೆ ಹೇಳುವವರೊಬ್ಬರು ಬೇಕೆನಿಸಿತು.

ಖಾಲಿ ಕುರ್ಚಿಗಳು

ಕರ್ನಾಟಕದಲ್ಲಿ ಈಗ ಆಗಿರುವುದೇನು? ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರ ಫೆಬ್ರುವರಿಯಲ್ಲಿ. ಆ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಆದರೆ ಕ್ಷೇತ್ರ ವಿಂಗಡಣೆ, ಮೀಸಲಾತಿಯ ವಿವಾದಗಳು ನ್ಯಾಯಾಲಯದ ಮೆಟ್ಟಿಲೇರಿದವು. ವರ್ಷದ ಮೇಲೆ ವರ್ಷ ಚುನಾವಣೆ ಮುಂದಕ್ಕೆ ಹೋಯಿತು. ಸದಸ್ಯರ ಜಾಗದಲ್ಲಿ ಆಡಳಿತಾಧಿಕಾರಿಗಳು ಬಂದರು. 1992ರಲ್ಲಿ ಪರಿಷತ್ತುಗಳ ಅವಧಿ ಮುಗಿದಾಗಲೂ ಹೀಗೇ ಆಗಿತ್ತು. ಆಗ ಮತ್ತೆ ಚುನಾವಣೆ ಬರಲು 1995ರವರೆಗೆ ಕಾಯಬೇಕಾಯಿತು.

ಸದಸ್ಯರಿಲ್ಲದಿದ್ದರೆ ಕೆಲಸ ಚುರುಕಾಗುತ್ತದೆ, ರಾಜಕೀಯ ಇರುವುದಿಲ್ಲ ಎನ್ನುವವರು ನಮ್ಮ ಸಂಘದಲ್ಲೂ ಇದ್ದಾರೆ. ಅವರ ಮಾತಿನಲ್ಲಿ ಸ್ವಲ್ಪ ನಿಜವಿದೆ. ಗುತ್ತಿಗೆಯ ಜಗಳ, ಜಾತಿಯ ಲೆಕ್ಕಾಚಾರ, ಗಂಟೆಗಟ್ಟಲೆ ಗದ್ದಲದ ಸಭೆಗಳನ್ನು ನಾನೂ ನೋಡಿದ್ದೇನೆ. ಈಗಲೂ ಒಳ್ಳೆಯ ಸಿಇಓಗಳು ತಮ್ಮ ಶ್ರದ್ಧೆಯಿಂದ ಚೆನ್ನಾಗಿ ದುಡಿಯುತ್ತಿದ್ದಾರೆ. ಆದರೆ ಅವರ ಶ್ರದ್ಧೆ ಅವರ ವರ್ಗಾವಣೆಯ ಜೊತೆ ಹೋಗಿಬಿಡುತ್ತದೆ. ಸುಮಾರು 40 ಸಾವಿರ ಜನಕ್ಕೆ ಒಬ್ಬ ಸದಸ್ಯ ಎಂದು 1993ರ ಕಾಯ್ದೆ ಇಟ್ಟುಕೊಂಡಿತ್ತು. ಆ 40 ಸಾವಿರ ಜನರ ಪರವಾಗಿ ಸಭೆಯಲ್ಲಿ ಎದ್ದು ನಿಲ್ಲುವವರು ಇಲ್ಲದಿದ್ದರೆ ಶನಿವಾರ ರಾತ್ರಿಯ ಪ್ರಶ್ನೆ ಕೇಳುವವರು ಯಾರು?

ನಾವು ಮಾಡಬಹುದಾದದ್ದು

ಆ ಯುವಕರ ವಿಷಯಕ್ಕೆ ಬರುತ್ತೇನೆ. ಮೊದಲು ಗ್ರಾಮ ಪಂಚಾಯತಿಯ ಪಿಡಿಓಗೆ ತಾಯಿಯ ಹೆಸರಿನಲ್ಲಿ ಲಿಖಿತ ಅರ್ಜಿ ಕೊಡಿಸಿ ಸ್ವೀಕೃತಿ ಪಡೆಯಿರಿ ಎಂದೆ. ಪ್ರತಿಯನ್ನು ತಾಲ್ಲೂಕಿನ ಕಾರ್ಯನಿರ್ವಾಹಕ ಅಧಿಕಾರಿಗೆ ಕಳಿಸಿ. ತಿಂಗಳಾದರೂ ಆಗದಿದ್ದರೆ ಎರಡೂ ದಾಖಲೆ ಇಟ್ಟು ಸಿಇಓಗೆ ಬರೆಯಿರಿ. "ನೀರಿಲ್ಲ" ಎಂದಷ್ಟೇ ಬರೆಯಬೇಡಿ. ಎಷ್ಟು ಮನೆಗೆ ಇಲ್ಲ, ಎಂದಿನಿಂದ ಇಲ್ಲ, ಮೋಟಾರು ಕೆಟ್ಟಿದೆಯೋ ಪೈಪು ಒಡೆದಿದೆಯೋ ಬರೆಯಿರಿ. ಗ್ರಾಮಸಭೆ ನಡೆಯುವ ದಿನ ತಿಳಿದುಕೊಂಡು ಅಕ್ಕಪಕ್ಕದವರ ಜೊತೆ ಅಮ್ಮನನ್ನು ಕಳಿಸಿ, ಅವರೇ ಕೇಳಲಿ. ಗ್ರಾಮಸಭೆಯ ನಡಾವಳಿಯಲ್ಲಿ ಒಂದು ಸಾಲು ದಾಖಲಾದರೆ ಅದು ನಿಮ್ಮ ಹತ್ತು ಮಿಂಚಂಚೆಗಿಂತ ಗಟ್ಟಿ.

ನಮ್ಮ ಅನೇಕ ಸದಸ್ಯರು ಊರಿನ ಶಾಲೆಗೆ ಬೆಂಚು, ಆಸ್ಪತ್ರೆಗೆ ಮಂಚ ಕೊಡಿಸುತ್ತಾರೆ. ಅದು ದೊಡ್ಡ ಕೆಲಸವೇ. ಕೊಡುವಾಗ ಜಿಲ್ಲಾ ಪಂಚಾಯತಿಗೂ ತಿಳಿಸಿ ದಾಸ್ತಾನು ಪುಸ್ತಕಕ್ಕೆ ಸೇರಿಸಿ. ಜೊತೆಗೆ ಒಂದು ಮಾತು ಕೇಳಿ: ಇದನ್ನಿಟ್ಟ ಕೋಣೆಯ ಬೀಗದ ಕೈ ಯಾರ ಹತ್ತಿರ ಇರುತ್ತದೆ, ಅವರು ಊರಲ್ಲಿಲ್ಲದ ದಿನ ಯಾರ ಹತ್ತಿರ?

ಯುವಕರು ಮೊನ್ನೆ ಕರೆ ಮಾಡಿದ್ದರು. ಗ್ರಾಮಸಭೆಯಲ್ಲಿ ತಾಯಿ ಮಾತಾಡಿದರಂತೆ. ಮೋಟಾರು ಬಂದಿದೆ, ವಿದ್ಯುತ್ ಸಂಪರ್ಕ ಇನ್ನೂ ಸಿಕ್ಕಿಲ್ಲ. ಅದು ಯಾವ ಕಚೇರಿ, ಡಾಕ್ಟ್ರೇ, ಎಂದು ಕೇಳಿದರು.