ಕೋವಿಯ ಪೆಟ್ಟು ಸಾಲದಿದ್ದರೆ

ಹುಣಸೂರು, ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ರಾಗಿ ಕಾಯಲು ಲೈಸೆನ್ಸ್ ಕೋವಿ ಇಟ್ಟುಕೊಂಡ ರೈತರಿದ್ದಾರೆ. ಬೋಲ್ಟ್ ಕೋವಿಯ ಕುದುರೆ ಎಳೆದಾಗ ‘ಟಕ್’ ಎಂದು, ಗುಂಡು ಹಾರದಿದ್ದರೆ ಏನು ಮಾಡಬೇಕು?

ಮೊದಲು ಕಾಯಿರಿ: ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ನಳಿಗೆಯನ್ನು ಜನ, ದನವಿಲ್ಲದ ಕಡೆಗೆ ಹಿಡಿದು ಒಂದು ನಿಮಿಷ ಕಳೆದ ಮೇಲೆಯೇ ಬೋಲ್ಟ್ ತೆರೆಯಿರಿ.

ಕೇಪನ್ನು ನೋಡಿರಿ: ತೋಟಾದ ಕೇಪಿನ ಮೇಲಿನ ಗುಳಿಯನ್ನು, ಹಿಂದೆ ಸರಿಯಾಗಿ ಹಾರಿದ ತೋಟಾದ ಗುಳಿಯೊಡನೆ ಹೋಲಿಸಿರಿ. ಅಷ್ಟೇ ಆಳವಿದ್ದರೆ ದೋಷ ಬಹುಮಟ್ಟಿಗೆ ತೋಟಾದ್ದು, ತೇವ ತಗುಲಿರಬಹುದು. ಗುಳಿ ತೆಳುವಾಗಿದ್ದರೆ ದೋಷ ಸಾಮಾನ್ಯವಾಗಿ ಕೋವಿಯದು.

ಕಾರಣಗಳು:
1. ಬೋಲ್ಟಿನೊಳಗೆ ಹಳೆಯ ಗ್ರೀಸು, ಧೂಳು ಸೇರಿರುವುದು. ಚಳಿಯಲ್ಲಿ ಇದು ಗಟ್ಟಿಯಾಗಿ ಪಿನ್ನಿನ ವೇಗ ತಗ್ಗಿಸುತ್ತದೆ.
2. ಸ್ಪ್ರಿಂಗು ಸೋತಿರುವುದು.
3. ಪಿನ್ನಿನ ತುದಿ ಸವೆದಿರುವುದು.
4. ಬೋಲ್ಟಿನ ಹಿಡಿ ಪೂರ್ತಿ ಕೂರದಿರುವುದು.

ಪರಿಹಾರ: ಕೋವಿ ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ಬೋಲ್ಟನ್ನು ಹೊರತೆಗೆದು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಕೋವಿ ಎಣ್ಣೆಯನ್ನು ತೆಳುವಾಗಿ ಸವರಿರಿ. ಸರಿಹೋಗದಿದ್ದರೆ ಲೈಸೆನ್ಸ್ ಪಡೆದ ರಿಪೇರಿಗಾರರಲ್ಲಿಗೇ ಒಯ್ಯಿರಿ. 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ರಿಪೇರಿ ಕೆಲಸಕ್ಕೂ ಲೈಸೆನ್ಸ್ ಬೇಕು. ಊರ ಕುಲುಮೆಯಲ್ಲಿ ಪಿನ್ನು ಮಾಡಿಸುವುದು ಸಲ್ಲದು. ಪಿನ್ನು ಉದ್ದವಾದರೆ ಕೇಪು ತೂತಾಗಿ, ಬಿಸಿ ಗಾಳಿ ಕಣ್ಣಿಗೇ ಬಡಿದೀತು. ಒಂದು ಬೆಳೆ ಹೋದರೆ ಮತ್ತೊಂದು ಬಂದೀತು, ಕಣ್ಣು ಬಾರದು.